ನಕ್ಕರೆ ಕೆಂಪಾಗುವ ಬಳೆ

ಮಕ್ಕಳ ಹೆದರಿಕೆಯನ್ನು ಅಳೆಯುವ ಬಳೆಯೊಂದು ಬಂದುಬಿಟ್ಟರೆ ಏನಾಗುತ್ತದೆ? ಮೊದಲು ಆಗುವುದೇನೆಂದರೆ, ಮಕ್ಕಳನ್ನು ಯಾರೂ ಏನೂ ಕೇಳುವುದಿಲ್ಲ.

ಧಾರವಾಡದಲ್ಲಿ ಆಗಿದ್ದೂ ಅದೇ. ಅಭಯ ಬಳೆ ಬಂದ ಮೇಲೆ ಶಾಲೆ, ಈಜುಕೊಳ, ಸಂಗೀತದ ಕ್ಲಾಸು, ಗರಡಿಮನೆ, ಬೇಸಿಗೆ ಶಿಬಿರ ಎಲ್ಲ ಕಡೆಯ ಮಕ್ಕಳ ಮಣಿಕಟ್ಟಿಗೂ ಒಂದೊಂದು ಬಿತ್ತು. ಸರಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಜನ ಬಳೆ ಎಂದರು, ಬಳೆಯಾಯಿತು. ಅದು ಬೆವರು ನೋಡುತ್ತಿತ್ತು, ನಾಡಿ ಹಿಡಿಯುತ್ತಿತ್ತು, ಚರ್ಮದ ಬಿಸಿ ತಿಳಿಯುತ್ತಿತ್ತು. ಎಲ್ಲ ಸಹಜವಾಗಿದ್ದರೆ ಹಸಿರು ದೀಪ, ಏನೋ ಎಡವಟ್ಟಾದರೆ ಕೆಂಪು, ಬಳೆಯನ್ನೇ ಬಿಚ್ಚಿದರೆ ಬೂದು. ಒಂದೆರಡು ಬಳೆ ಬೂದಾದರೆ ಕೊಂಡಿ ಸಡಿಲಾಗಿದೆಯೆಂದು ನಿಯಂತ್ರಣ ಕೊಠಡಿಯವರೇ ಆ ಎಚ್ಚರಿಕೆಯನ್ನು ಮುಚ್ಚಿಬಿಡಬಹುದಿತ್ತು. ಆದರೆ ಒಂದೇ ಜಾಗದ ಮಕ್ಕಳ ಬಳೆಗಳು ಗುಂಪಾಗಿ ಬೂದಾದರೆ, ಮಕ್ಕಳನ್ನು ಯಾರೋ ಹೊತ್ತೊಯ್ದಿದ್ದಾರೆಂದು ತಿಳಿದು ಯಂತ್ರ ತಾನೇ ಪೊಲೀಸರನ್ನು ಕರೆಯುತ್ತಿತ್ತು. ಅದನ್ನು ತಡೆಯುವ ಗುಂಡಿಯನ್ನು ಯಾರಿಗೂ ಕೊಟ್ಟಿರಲಿಲ್ಲ.

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಹಸಿರು ಚುಕ್ಕೆಗಳು. ಅಭಯ ಕೇಂದ್ರದ ನಿರ್ದೇಶಕ ಪ್ರಹ್ಲಾದ ಕಟ್ಟಿ ಬಂದವರಿಗೆಲ್ಲ ಆ ಗೋಡೆ ತೋರಿಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಬಳೆಯ ಮೇಲೆ ಅವರಿಗೆ ಮಗನ ಮೇಲಿನಷ್ಟು ಮೋಹ, ಅಷ್ಟೇ. ಮಗನ ತಪ್ಪು ಕಾಣದ ಹಾಗೆ ಬಳೆಯ ತಪ್ಪೂ ಅವರಿಗೆ ಕಾಣುತ್ತಿರಲಿಲ್ಲ.

"ನೀಲಾಂಬಿಕಾ ಅವರ, ಕೆಂಚನಕೊಪ್ಪದ ಮಲ್ಲಕಂಬ ಕೇಂದ್ರಕ್ಕ ಒಂದು ಸಲ ಹೋಗಿ ಬರ್ರಿ," ಅಂದರು ಅವತ್ತು. "ಮೂರು ವರ್ಷದಿಂದ ಹಸಿರು ಬಿಟ್ಟು ಬ್ಯಾರೆ ಬಣ್ಣ ಕಂಡಿಲ್ಲ. ರಾಜ್ಯಕ್ಕ ಮಾದರಿ ಕೇಂದ್ರ ಅಂತ ಸಾರೋದದ. ನಿಮ್ಮದೊಂದು ಸಹಿ ಬೇಕು."

ನೀಲಾಂಬಿಕೆ ಹೂಗಾರ ಅಭಯ ಕೇಂದ್ರದ ಪರಿಶೀಲನಾಧಿಕಾರಿ. ಮಕ್ಕಳು ಕಲಿಯುವ, ಆಡುವ ಜಾಗಗಳಿಗೆ ಹೋಗಿ ಅವರು ಅಲ್ಲಿ ಸುರಕ್ಷಿತವಾಗಿದ್ದಾರೆಯೇ ಎಂದು ನೋಡಿ ಬರುವುದು ಅವಳ ಕೆಲಸ. ಅದಕ್ಕೆ ಮೊದಲು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವಳು. ಮೊದಲೆಲ್ಲ ಪರಿಶೀಲನೆಯೆಂದರೆ ಮಗುವನ್ನು ಮರದ ಕೆಳಗೆ ಕೂರಿಸಿಕೊಂಡು, ಅದು ಮಣ್ಣು ಕೆದಕುತ್ತ, ಮೂಗು ಒರೆಸುತ್ತ, ಅದಕ್ಕೆ ಬೇಕಾದಾಗ ಮಾತಾಡುವ ತನಕ ಕಾಯುವುದಾಗಿತ್ತು. ಈಗ ಸುತ್ತೋಲೆ ಬಂದಿತ್ತು: ಹಸಿರು ಕೇಂದ್ರಗಳಲ್ಲಿ ಮಕ್ಕಳನ್ನು ಪ್ರತ್ಯೇಕವಾಗಿ ಮಾತಾಡಿಸಿ ಗಾಬರಿಪಡಿಸಬಾರದು. ಅವಳಿಗೆ ಆ ಸುತ್ತೋಲೆ ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ಮಾತಾಡಿಸಿದರೆ ಗಾಬರಿಯಾಗುವ ಮಕ್ಕಳು ಅವಳ ಅನುಭವದಲ್ಲಿ ಕಡಿಮೆ. ಮಕ್ಕಳು ಮಾತಾಡಿದರೆ ಗಾಬರಿಯಾಗುವ ದೊಡ್ಡವರೇ ಹೆಚ್ಚು.

ಮಾದರಿ ಕೇಂದ್ರವಾದರೆ ಕೆಂಚನಕೊಪ್ಪಕ್ಕೆ ಮುಂದೆ ಪರಿಶೀಲನೆಯೇ ಇರುವುದಿಲ್ಲ. ಅವಳ ಸಹಿ ಬಿದ್ದ ಮೇಲೆ ಆ ಗೇಟಿನೊಳಗೆ ಹೊರಗಿನವರು ಯಾರೂ ಕಾಲಿಡುವುದಿಲ್ಲ. ಆದ್ದರಿಂದ ಒಂದು ಸಲವಾದರೂ ಕಣ್ಣಾರೆ ನೋಡಿಬರೋಣವೆಂದು ಹೋದಳು.

ಕೆಂಚನಕೊಪ್ಪದ ಅಂಗಳದಲ್ಲಿ ಎಣ್ಣೆ ಕುಡಿದು ಹೊಳೆಯುವ ತೇಗದ ಕಂಬಗಳು ನಿಂತಿದ್ದವು. ತರಬೇತುದಾರ ವಿಶ್ವನಾಥ ಮೊರಬದ ಎಂಬಾತ ಕೊರಳಿಗೆ ಸೀಟಿ ಹಾಕಿಕೊಂಡು, ನಗುನಗುತ್ತ ಎದುರುಗೊಂಡ. ಇಲ್ಲಿಂದ ಹೋದ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದರು. ಬಡವರ ಮಕ್ಕಳು, ಇಲ್ಲೇ ವಸತಿ, ಇಲ್ಲೇ ಊಟ. ರಜೆಗೆ ಊರಿಗೆ ಹೋಗುವಾಗ, ರಜೆಯ ದಿನಗಳನ್ನು ಯಂತ್ರಕ್ಕೆ ಮೊದಲೇ ತಿಳಿಸಿ, ಬಳೆಗಳನ್ನು ಕೇಂದ್ರಕ್ಕೇ ಒಪ್ಪಿಸಿ ಹೋಗುವ ಪದ್ಧತಿ.

ಗೋಡೆಯ ಮೇಲೆ ಬಳೆ ತೊಡಿಸುವ ಕಾರ್ಯಕ್ರಮದ ಫೋಟೊಗಳಿದ್ದವು. ನಮ್ಮ ಜನಕ್ಕೆ ಬಳೆಯೆಂದ ಮೇಲೆ ಅದನ್ನು ಸುಮ್ಮನೆ ತೊಡಿಸಲು ಮನಸ್ಸು ಬರುತ್ತದೆಯೇ? ಎಲ್ಲ ಕೇಂದ್ರಗಳಲ್ಲೂ ಮಕ್ಕಳು ಸೇರಿದ ದಿನ ಅವರನ್ನು ಸಾಲಾಗಿ ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಆರತಿ ಮಾಡಿ, ಬಾಯಿಗೆ ಸಿಹಿ ಮಾದಲಿ ಇಟ್ಟು, ಗಣ್ಯರ ಕೈಯಿಂದ ಬಳೆ ತೊಡಿಸುತ್ತಿದ್ದರು. ಮನೆಯಲ್ಲಿ ತೊಡಿಸಬೇಕೆಂದು ಬಳೆ ಮಾಡಿದವರು ಬರೆದಿದ್ದರಂತೆ. ಮನೆಯಲ್ಲಿ ತೊಡಿಸಿದರೆ ಶಾಸಕರನ್ನು ಎಲ್ಲಿ ಕೂರಿಸುವುದು?

"ನಾ ಒಂದು ಮಗೂಗೂ ಕೈ ಹಚ್ಚಿಲ್ರಿ ಮೇಡಂ," ಅಂದ ಮೊರಬದ. "ಕ್ಯಾಮೆರಾ ಅದಾವು, ಬೇಕಾದ್ರ ನೋಡ್ರಿ. ಸೀಟಿ ಒಂದ ಸಾಕು ನನಗ."

ಸೀಟಿ ಊದಿದ. ಮಕ್ಕಳು ಕಂಬವೇರಿದರು. ಸುಗಂಧಾ ತಳವಾರ ಎಂಬ ಹನ್ನೊಂದರ ಹುಡುಗಿ ಕಂಬದ ತುದಿಯಲ್ಲಿ ಒಂದೇ ಅಂಗೈ ಊರಿ ಮೈಯನ್ನು ಅಡ್ಡಕ್ಕೆ ಚಾಚಿದಾಗ ನೀಲಾಂಬಿಕೆ ಉಸಿರು ಬಿಡುವುದನ್ನೇ ಮರೆತಳು. ಪಕ್ಕದ ಕಂಬದಲ್ಲಿ ಚಂಪಾ ಎಂಬ ಪುಟ್ಟ ಹುಡುಗಿ, ಏಳು ವರ್ಷವಿದ್ದೀತು, ಅರ್ಧ ಏರಿ ಕೈಜಾರಿ ಕೆಳಗಿನ ಗಾದಿಯ ಮೇಲೆ ಬಿದ್ದಳು. ಪೆಟ್ಟೇನೂ ಆಗಲಿಲ್ಲ. ಆದರೆ ಯಾವ ಮಗುವೂ ಚಂಪಾಳನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಒಮ್ಮೆಲೇ ಅಂಗಳದ ಮೂಲೆಯ ಒಂದು ಬಾಗಿಲಿನ ಕಡೆ ಹೋಗಿ, ಅಷ್ಟೇ ಬೇಗ ವಾಪಸು ಬಂದವು. ಅಂಗಳದಲ್ಲಿ ಒಂದು ಬಳೆಯೂ ಬಣ್ಣ ಬದಲಿಸಲಿಲ್ಲ.

"ಆ ಬಾಗ್ಲಾ ಏನದು?"

"ಗಾದಿ ಖೋಲಿರಿ. ಹಳೇ ಗಾದಿ ಇಟ್ಟೀವಿ," ಅಂದ ಮೊರಬದ.

ನೀಲಾಂಬಿಕೆ ಕಂಬದಿಂದಿಳಿದ ಸುಗಂಧಾಳ ಹತ್ತಿರ ಹೋದಳು. "ಅಷ್ಟು ಎತ್ತರ ಹತ್ತಿದಿ, ಅಂಜಿಕಿ ಆಗಲಿಲ್ಲೇನ ನಮ್ಮವ್ವ?"

ಹುಡುಗಿ ತರಬೇತುದಾರನ ಕಡೆ ನೋಡಿದಳು. ಆಮೇಲೆ ಮಣಿಕಟ್ಟನ್ನು ಮುಂದೆ ಚಾಚಿದಳು. "ಬಳಿ ಹಸಿರ ಐತ್ರಿ."

ನೀಲಾಂಬಿಕೆ ಇಪ್ಪತ್ತು ವರ್ಷ ಮಕ್ಕಳ ನಡುವೆ ಕಳೆದವಳು. ಹುಡುಗಿ ಹೌದು ಅನ್ನಬಹುದಿತ್ತು, ಇಲ್ಲ ಅನ್ನಬಹುದಿತ್ತು, ನಾಚಿ ಓಡಬಹುದಿತ್ತು. ತನ್ನ ಬದಲು ಬಳೆಯನ್ನು ಮುಂದೆ ಮಾಡಿದ ಮಗುವನ್ನು ಅವಳು ಅದೇ ಮೊದಲು ಕಂಡದ್ದು. ಸಹಿಯನ್ನು ನಾಳೆ ಮಾಡುತ್ತೇನೆಂದು ಹೇಳಿ ಎದ್ದು ಬಂದಳು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ಮುಕ್ತಾ ಒಲೆಯ ಪಕ್ಕ ಕೂತು, ಅಜ್ಜಿ ಫೋನಿನಲ್ಲಿ ಬೀಗರ ಜೊತೆ ಜಗಳವಾಡಿದ್ದನ್ನು ಥೇಟು ಅದೇ ದನಿಯಲ್ಲಿ ಮಾಡಿ ತೋರಿಸುತ್ತಿದ್ದಳು. ಮಾಡುತ್ತ ಮಾಡುತ್ತ ತನಗೇ ನಗು ತಡೆಯದೆ ನೆಲಕ್ಕುರುಳಿದಳು.

"ಸಾಕು ಸಾಕು, ಬಳಿ ಕೆಂಪಾದೀತು," ಅಂದಳು ಅವ್ವ.

ಅದು ಮನೆಯ ಹಳೆಯ ಚೇಷ್ಟೆಯ ಮಾತು. ಅದರ ಹಿಂದೆ ಒಂದು ದುಃಖವಿತ್ತು. ಮುಕ್ತಾಳಿಗೆ ಬಳೆ ತೊಡಿಸಿದ ವಾರವೇ ಅವಳ ಅಪ್ಪ ಆಸ್ಪತ್ರೆ ಸೇರಿದ್ದ. ಮನೆಗೆ ವಾಪಸು ಬರಲಿಲ್ಲ. ಎಲ್ಲ ಮಕ್ಕಳ ನಾಡಿಯೂ ಒಂದೇ ಅಲ್ಲವಲ್ಲ, ಅದಕ್ಕೇ ಬಳೆ ಮೊದಲ ಹದಿನೈದು ದಿನ ಸುಮ್ಮನೆ ಕೂತು ಆ ಮಗುವಿನ ಸಹಜ ಸ್ಥಿತಿ ಏನೆಂದು ಕಲಿಯುತ್ತದೆ. ಆ ಹದಿನೈದು ದಿನ ಮುಕ್ತಾ ಉಂಡಿರಲಿಲ್ಲ, ಮಲಗಿರಲಿಲ್ಲ, ಅತ್ತಿದ್ದೇ ಅತ್ತಿದ್ದು. ಬಳೆ ಅದನ್ನೇ ಸಹಜವೆಂದು ಕಲಿಯಿತು. ಎಷ್ಟೋ ತಿಂಗಳ ಮೇಲೆ ಸೋದರಮಾವನ ಮಾತಿಗೆ ಮಗು ಮೊದಲ ಸಲ ಹೊಟ್ಟೆ ಹಿಡಿದು ನಕ್ಕಾಗ ಬಳೆ ಕೆಂಪಾಗಿ ಬಡಿದುಕೊಂಡಿತು. ನಿಯಂತ್ರಣ ಕೊಠಡಿಯಿಂದ ಫೋನು, ಮಗುವಿಗೆ ಏನಾಗಿದೆ ಎಂದು. ಫೋನೆತ್ತಿದ ಅವ್ವ, "ಏನಾಗಿಲ್ಲಪಾ, ನಕ್ಕೈತಿ," ಅಂದಿದ್ದಳು. ಆಮೇಲೆ ಬಳೆಗೆ ಮತ್ತೆ ಹೊಸದಾಗಿ ಕಲಿಸಿಕೊಂಡು ಬಂದಿದ್ದರು.

ನೀಲಾಂಬಿಕೆಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಕೆಂಚನಕೊಪ್ಪದ ಮಕ್ಕಳಿಗೆ ಬಳೆ ತೊಡಿಸಿದ್ದು ಅವರ ಮನೆಯಲ್ಲಲ್ಲ. ಮೊರಬದನ ಅಂಗಳದಲ್ಲಿ, ಅವನ ಸೀಟಿಯ ಎದುರಿಗೆ, ಸೇರಿದ ದಿನವೇ. ಆರತಿ ತಟ್ಟೆ ಒಳಗೆ ಹೋದ ಮೇಲೆ ಶುರುವಾದ ಆ ಹದಿನೈದು ದಿನಗಳನ್ನು ಬಳೆಗಳು ಕಲಿತಿದ್ದವು. ಆ ಮಕ್ಕಳು ಹೆದರಿಕೆಯಲ್ಲೇ ಇದ್ದರೆ, ಹೆದರಿಕೆಯೇ ಅವುಗಳಿಗೆ ಹಸಿರು.

"ಯಾಕ ಬೇ, ಉಪ್ಪು ಹೆಚ್ಚಾಗೇತೇನು?" ಅಂತ ಅವ್ವ ಕೇಳಿದಳು.

"ಇಲ್ಲವ್ವಾ," ಅಂದಳು ನೀಲಾಂಬಿಕೆ. "ನನ್ನ ಕಣ್ಣು ತೆರಸಿದಿ."

ಮರುದಿನ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ಗೋಡೆ ಕಾಯುವ ತಂತ್ರಜ್ಞ ಜಾಫರ್ ಮುಲ್ಲಾನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. "ತಮ್ಮಾ, ಕೆಂಚನಕೊಪ್ಪದ್ದು ಯಾವಾಗರ ಕೆಂಪಾಗಿತ್ತೇನು? ಮುಚ್ಚಿ ಹಾಕಿದ್ದೂ ಹೇಳು."

ಜಾಫರ್ ತಲೆ ಕೆರೆದ. "ಒಮ್ಮೆ ಆಗಿತ್ತು ಅಕ್ಕಾರ. ಹೋದ ವರ್ಷ ಒಂದು ವಾರ ಅಷ್ಟೂ ಬಳಿ ಕೆಂಪಾಗಿದ್ವು. ಯಂತ್ರದೋಷ ಅಂತ ತಗದು ಹಾಕಿದ್ವಿ. ಒಮ್ಮೆಲೇ ಎಲ್ಲಾ ಹುಡುಗರಿಗೂ ಏನಾಗತೈತಿ ಅಂತ."

"ಆ ವಾರ ಮೊರಬದ ಎಲ್ಲಿದ್ದ?"

ಜಾಫರ್ ಹುಡುಕಿದ. ಹಳೆಯ ಸುದ್ದಿಯೊಂದು ಪರದೆಯ ಮೇಲೆ ಬಂತು. ಶಾಲು, ಹಾರ, ಪ್ರಶಸ್ತಿ ಫಲಕ. ಮೊರಬದ ಆ ವಾರ ದಿಲ್ಲಿಯಲ್ಲಿದ್ದ, ಉತ್ತಮ ತರಬೇತುದಾರ ಪ್ರಶಸ್ತಿ ತೆಗೆದುಕೊಳ್ಳಲು ಹೋಗಿದ್ದ. ಮಕ್ಕಳ ಜೊತೆ ಅಡುಗೆಯವರಷ್ಟೇ ಇದ್ದರು.

"ಯಾ ಅಲ್ಲಾ," ಅಂದ ಜಾಫರ್. "ಆ ಹುಡುಗರು ಆಡ್ಯಾರ ಅಕ್ಕಾರ. ಆಡಿ, ಉಂಡು, ಕಣ್ತುಂಬ ಮಲಗ್ಯಾರ. ನಾವು ಅದನ್ನ ಕೆಟ್ಟೈತಿ ಅಂತ ಬಂದ್ ಮಾಡೀವಿ."

ಕಟ್ಟಿಯವರು ಎಲ್ಲವನ್ನೂ ಕೇಳಿದರು. ಕನ್ನಡಕ ತೆಗೆದು ಒರೆಸಿದರು. "ನೀವು ಹೇಳೋದು ಊಹಾ ಅದ, ನೀಲಾಂಬಿಕಾ ಅವರ. ಗುರು ಇಲ್ಲದಾಗ ಹುಡುಗರು ಗದ್ದಲ ಮಾಡಿರತಾರ, ನಾಡಿ ಏರಿರತದ. ಇದರಾಗ ಏನದ?"

"ಊಹಾ ಹೌದೋ ಅಲ್ಲೋ ತಿಳ್ಕೊಳ್ಳಾಕ ಒಂದ ದಾರಿ ಐತ್ರಿ ಸರ್. ಹುಡುಗರನ್ನ ಕೇಳೋದು."

"ಸುತ್ತೋಲೆ ನಿಮಗ ಗೊತ್ತದ."

"ಗೊತ್ತೈತ್ರಿ."

"ಶನಿವಾರ ಮಂತ್ರಿಗಳು ಬರಲಿಕ್ಕತ್ಯಾರ. ಇದೊಂದು ಕೇಂದ್ರದಾಗ ಬಳಿ ತಪ್ಪು ಕಲತದ ಅಂದ್ರ, ಬಳಿ ತೊಡಿಸೋ ಕಾರ್ಯಕ್ರಮ ಮಾಡಿದ ಎಲ್ಲಾ ಕಡೆನೂ ತಪ್ಪು ಕಲತದ ಅಂತ ಆಗತದ. ರಾಜ್ಯದಾಗಿನ ಅಷ್ಟೂ ಹಸಿರನ್ನ ಜನ ಅನುಮಾನದಿಂದ ನೋಡತಾರ. ಅದು ನಿಮಗ ಬೇಕೇನು?"

"ಬೇಕ್ರಿ," ಅಂದಳು ನೀಲಾಂಬಿಕೆ. "ಅದ ಬೇಕು."

ಕಟ್ಟಿಯವರ ಮುಖ ಕೆಂಪಾಯಿತು. ಇವತ್ತು ಸಂಜೆಯೊಳಗೆ ಸಹಿ ಬರದಿದ್ದರೆ ನಾಳೆ ಅವಳ ಕುರ್ಚಿಯಲ್ಲಿ ಬೇರೆಯವರಿರುತ್ತಾರೆ ಎಂದರು. ಅವಳು ಕುರ್ಚಿಯಿಂದ ಎದ್ದಳು, ಬಸ್ಸು ಹಿಡಿದಳು. ಬಸ್ಸಿನಲ್ಲಿ ಗಂಡನಿಲ್ಲದ ಮನೆ, ವಯಸ್ಸಾದ ಅವ್ವ, ಓದುವ ಮಗಳು, ಎಲ್ಲ ನೆನಪಾಯಿತು. ಆದರೆ ಮಣಿಕಟ್ಟು ಚಾಚಿದ ಆ ಹುಡುಗಿಯೂ ನೆನಪಾದಳು. ಅವಳ ಮುಂದೆ ಉಳಿದದ್ದೆಲ್ಲ ಆಮೇಲಿನ ಮಾತಾಯಿತು.

ಅಂಗಳದಲ್ಲಿ ಶನಿವಾರದ ಪ್ರದರ್ಶನಕ್ಕೆ ತಾಲೀಮು ನಡೆದಿತ್ತು. ಸಾಲಿನಲ್ಲಿ ಚಂಪಾ ಕಾಣಲಿಲ್ಲ.

"ಜ್ವರಾ ಬಂದಾವ್ರಿ, ಮಲಗ್ಯಾಳ," ಅಂದ ಮೊರಬದ. "ಸಹಿಗೆ ಬಂದ್ರಿ? ಒಳಗ ಚಾ ಕುಡಿಯೂಣು ಬರ್ರಿ."

"ಸುಗಂಧಾನ ಜೋಡಿ ಮಾತಾಡೋದೈತಿ. ಒಬ್ಬಾಕಿ ಜೋಡಿನ."

"ಹಂಗ ಮಾತಾಡಸಾಕ ಬರೂದಿಲ್ಲಲ್ರಿ ಮೇಡಂ, ಸುತ್ತೋಲೆ…"

"ನನ್ನ ಮ್ಯಾಲ ದೂರು ಬರಕೊಡ್ರಿ," ಎಂದವಳೇ ಸುಗಂಧಾಳ ಜೊತೆ ಬೇವಿನ ಮರದ ಕೆಳಗೆ ಹೋಗಿ ನೆಲದ ಮೇಲೆ ಕೂತುಬಿಟ್ಟಳು. ಸೀರೆಗೆ ಮಣ್ಣಾಯಿತು. ಮೊರಬದ ಅಲ್ಲೇ ನಿಂತು ಕಟ್ಟಿಯವರಿಗೆ ಫೋನು ಹಚ್ಚಿದ.

ಹುಡುಗಿ ಎದುರಿಗೆ ಕೂತಳು, ಬೆನ್ನು ನೆಟ್ಟಗೆ, ಬಳೆಯ ಕೈ ಮುಂದೆ.

"ಅದನ್ನ ಕೇಳಾಕ ಬಂದಿಲ್ಲ ನಾನು," ಅಂದಳು ನೀಲಾಂಬಿಕೆ. "ನಮ್ಮನ್ಯಾಗ ನನ್ನ ಮಗಳ ಬಳಿ ಆಕಿ ನಕ್ಕರ ಕೆಂಪಾಗತಿತ್ತು. ದುಃಖನ ಸಹಜ ಅಂತ ಕಲತಿತ್ತದು. ಬಳಿಗೆ ತಪ್ಪು ಕಲಸಾಕ ಬರತೈತಿ. ನಿನಗೇನನಸತೈತಿ ಅನ್ನೂದು ನಿನಗ ಗೊತ್ತಿರತೈತಿ. ಹೇಳಬೇಕನಿಸಿದ್ರ ಹೇಳು, ಇಲ್ಲಾಂದ್ರ ಸುಮ್ಮನ ಕುಂದ್ರೂಣು. ನನಗೇನು ಅವಸರಿಲ್ಲ."

ಸುಗಂಧಾ ಮಣ್ಣು ಕೆದಕತೊಡಗಿದಳು. ಮೇಲೆ ಬೇವಿನೆಲೆ ಅಲ್ಲಾಡಿದವು. ನೀಲಾಂಬಿಕೆ ಹಳೆಯ ಕಾಲದಂತೆ ಕಾದಳು.

"ಹೋದ ವರ್ಷ ಸರ್ ದಿಲ್ಲಿಗೆ ಹೋಗಿದ್ರಲ್ರಿ," ಅಂದಳು ಹುಡುಗಿ ಕೊನೆಗೆ, ಪಿಸುದನಿಯಲ್ಲಿ. "ಆವಾಗ ಎಲ್ಲಾರ ಬಳಿನೂ ಕೆಂಪಾದ್ವು. ನಾವು ಏನೋ ತಪ್ಪು ಮಾಡೀವಿ ಅನಕೊಂಡ್ವಿ. ಸರ್ ಬಂದವ್ರು, ನೋಡ್ರಿ, ನಾ ಇಲ್ಲಂದ್ರ ನೀವು ಕೆಡತೀರಿ, ಬಳಿನ ಹೇಳತೈತಿ ಅಂದ್ರು. ಆಮ್ಯಾಲ ನಾವು ನಗೂದು ಬಿಟ್ವಿ."

ನೀಲಾಂಬಿಕೆಗೆ ಕಣ್ಣು ಕತ್ತಲಿಟ್ಟಿತು. ಸಿಟ್ಟಿಗೆ. ಮಕ್ಕಳನ್ನು ಕಾಯಲೆಂದು ಕೊಟ್ಟ ವಸ್ತುವನ್ನೇ ಹಿಡಿದು ಮಕ್ಕಳ ಬಾಯಿ ಮುಚ್ಚಿಸಿದ್ದ ಈ ಮನುಷ್ಯ. ಬಳೆಯನ್ನು ಯಾರೂ ಕೆಡಿಸಬೇಕಾಗಿ ಬಂದಿರಲಿಲ್ಲ.

"ನಿನ್ನದೇನು ತಪ್ಪಿಲ್ಲ," ಅಂದಳು. "ನಿಮ್ಮ ಯಾರದೂ ತಪ್ಪಿಲ್ಲ. ನಕ್ಕಿದ್ದು ತಪ್ಪಲ್ಲ."

ಸುಗಂಧಾ ಅವಳ ಮುಖ ನೋಡಿದಳು. ಆಮೇಲೆ ಎಡಗೈ ಬೆರಳಿನಿಂದ ಬಳೆಯ ಕೊಂಡಿಯನ್ನು ಮೀಟಿದಳು. ಟಕ್ ಎಂದಿತು. ಬಳೆ ಬೂದಾಗಿ ಮಣ್ಣಿಗೆ ಬಿತ್ತು.

ನೀಲಾಂಬಿಕೆಯ ಫೋನು ಬಡಿದುಕೊಂಡಿತು. ಜಾಫರ್. "ಅಕ್ಕಾರ, ಒಂದು ಬೂದು ಬಂದೈತಿ. ಸಾಹೇಬ್ರು ಹಿಂದ ನಿಂತು ಮುಚ್ಚಿಸಿದ್ರು. ಒಂದ ಆದ್ರ ಮುಚ್ಚಾಕ ಬರತೈತ್ರಿ."

ಮೊರಬದ ದಾಪುಗಾಲಿನಲ್ಲಿ ಬಂದ. ಮುಖದಲ್ಲಿ ಅದೇ ನಗು. "ಹಾಕ್ಕೊ," ಅಂದ, ಮೆಲ್ಲಗೆ. ಅಷ್ಟಕ್ಕೇ ಹುಡುಗಿಯ ಭುಜ ಕುಗ್ಗಿದ್ದನ್ನು ನೀಲಾಂಬಿಕೆ ಕಂಡಳು. ಎದ್ದು ಇಬ್ಬರ ನಡುವೆ ನಿಂತಳು.

"ಆಕಿ ಹಾಕ್ಕೊಳ್ಳೂದಿಲ್ಲ."

"ಮೇಡಂ, ಸರೀರಿ."

"ಸರಿಯೂದಿಲ್ಲ. ನನ್ನ ಮುಟ್ಟಿ ಸರಸ್ರಿ ನೋಡೂಣು. ಕ್ಯಾಮೆರಾ ಅದಾವಲ್ಲ."

ಅವನು ಸೀಟಿ ಬಾಯಿಗಿಟ್ಟು ಜೋರಾಗಿ ಊದಿದ. ಇಷ್ಟು ವರ್ಷ ಆ ಸೀಟಿಗೆ ಅಂಗಳದ ಎಲ್ಲ ತಲೆಗಳೂ ಬಾಗುತ್ತಿದ್ದವು. ಈಗಲೂ ಎಲ್ಲರೂ ನಿಂತಲ್ಲೇ ನಿಂತರು. ಆದರೆ ನೋಡಿದ್ದು ಅವನ ಕಡೆಗಲ್ಲ, ಸುಗಂಧಾಳ ಬರಿಗೈ ಕಡೆಗೆ. ಅವಳು ನೀಲಾಂಬಿಕೆಯ ಬೆನ್ನ ಹಿಂದಿನಿಂದ ಹೊರಬಂದು ಆ ಕೈಯನ್ನು ಮೇಲೆತ್ತಿದಳು.

"ಬಿಚ್ಚರಲೇ," ಅಂತ ಕೂಗಿದಳು. "ಏನೂ ಆಗೂದಿಲ್ಲ, ಬಿಚ್ಚರಿ!"

ಟಕ್. ಕಂಬದ ಮೇಲಿದ್ದ ಹುಡುಗನದು. ಟಕ್, ಟಕ್. ಸಾಲಿನ ಆಚೆ ತುದಿಯಲ್ಲಿ. ಕೊಂಡಿ ಬರದೆ ಒದ್ದಾಡುತ್ತಿದ್ದ ಒಬ್ಬಳಿಗೆ ಪಕ್ಕದವಳು ಹಲ್ಲು ಹಚ್ಚಿ ಬಿಚ್ಚಿಕೊಟ್ಟಳು. ಮೊರಬದ ಊದುತ್ತಲೇ ಇದ್ದ. ಸೀಟಿಯ ಸದ್ದಿಗಿಂತ ಬಳೆಗಳು ಬೀಳುವ ಸದ್ದು ನೀಲಾಂಬಿಕೆಯ ಕಿವಿಗೆ ದೊಡ್ಡದಾಗಿ ಕೇಳಿತು.

ಫೋನು ಮತ್ತೆ. ಈ ಸಲ ಕಟ್ಟಿಯವರೇ. "ಏನು ಮಾಡಿದ್ರಿ ನೀವು? ಒಂದು ಬಿಟ್ಟು ಕೆಂಚನಕೊಪ್ಪ ಪೂರಾ ಬೂದಾಗೇದ! ಪೊಲೀಸರಿಗೆ ಹೋತು, ತಡಿಲಿಕ್ಕೆ ಬರವೊಲ್ಲದು!"

"ಸರ್," ಅಂದಳು ನೀಲಾಂಬಿಕೆ, "ನಿಮ್ಮ ಗೋಡಿ ಮೂರು ವರ್ಷದಾಗ ಮೊದಲ್ನೇ ಸಲ ಖರೆ ಹೇಳಾಕತ್ತೈತಿ. ನೋಡ್ಕೋತ ನಿಂದರ್ರಿ."

ಜೀಪು ಬರುವ ತನಕ ಅವಳು ಮಕ್ಕಳ ಮುಂದೆ ನಿಂತೇ ಇದ್ದಳು. ಇಳಿದು ಬಂದ ಮಹಿಳಾ ಇನ್‌ಸ್ಪೆಕ್ಟರ್ ಅಂಗಳದ ತುಂಬ ಬಿದ್ದಿದ್ದ ಬಳೆಗಳನ್ನು ನೋಡಿ, ದೊಡ್ಡವರನ್ನು ಕೇಳುವ ರೂಢಿಯಂತೆ ಮೊರಬದನ ಕಡೆ ತಿರುಗಿದಳು. "ಏನಾಗೈತ್ರಿ ಸರ್ ಇಲ್ಲೆ?"

ಅವನು ಬಾಯಿ ತೆರೆದ.

"ಅವರನ್ನ ಕೇಳಬ್ಯಾಡ್ರಿ," ಅಂದಳು ನೀಲಾಂಬಿಕೆ. "ಇವರನ್ನ ಕೇಳ್ರಿ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು, ಸುಗಂಧಾಳ ಎತ್ತರಕ್ಕೆ ಬಗ್ಗಿದಳು. "ಹೇಳವ್ವಾ."

ಸುಗಂಧಾಳ ಮಣಿಕಟ್ಟಿನಲ್ಲಿ ಬಳೆಯಿದ್ದ ಜಾಗ ಬೆಳ್ಳಗಿತ್ತು. ಅದನ್ನು ಉಜ್ಜಿಕೊಂಡಳು. "ಹೇಳ್ತೀನ್ರಿ. ಎಲ್ಲಾ ಹೇಳ್ತೀನಿ. ಮೊದಲ ಆ ಬಾಗ್ಲಾ ತಗಸ್ರಿ. ಚಂಪಾ ನಿನ್ನಿಯಿಂದ ಒಳಗದಾಳ."

ಬೀಗದ ಕೈ ಮೊರಬದನ ಕಿಸೆಯಲ್ಲಿತ್ತು. ಇನ್‌ಸ್ಪೆಕ್ಟರ್ ಕೈ ಚಾಚಿದಳು, ಅವನು ಕೊಟ್ಟ. ಗಾದಿ ಖೋಲಿಗೆ ಕಿಟಕಿ ಇರಲಿಲ್ಲ. ಬಾಗಿಲು ತೆರೆದಾಗ ಹಳೆಯ ಹತ್ತಿಯ ವಾಸನೆ ಹೊರಗೆ ಬಂತು, ಮತ್ತೇನೂ ಕಾಣಲಿಲ್ಲ. ಆಮೇಲೆ ಗಾದಿಗಳ ಹಿಂದೆ, ನೆಲಕ್ಕೆ ಹತ್ತಿರದಲ್ಲಿ, ಸಣ್ಣದೊಂದು ದೀಪ ಕಂಡಿತು. ಮೊಣಕಾಲು ತಬ್ಬಿ ಕೂತ ಮಗುವಿನ ಮಣಿಕಟ್ಟಿನಲ್ಲಿ ಬಳೆ ಉರಿಯುತ್ತಿತ್ತು, ಹಚ್ಚ ಹಸಿರಾಗಿ.

ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತುಬಿಟ್ಟಳು. ಸುಗಂಧಾ ಅವಳನ್ನು ದಾಟಿ ಒಳಗೆ ಹೋದಳು, ಚಂಪಾಳ ಪಕ್ಕ ಕೂತಳು, ಮೊದಲು ಆ ಬಳೆಯನ್ನು ಬಿಚ್ಚಿದಳು.